ಕೊಸರಿಗೆ ಕೊಟ್ಟ ಅರೆತೂತಿನ ಚಿಪ್ಪುಗಳು

ಶಾಲೆಗಳಿಗೆ ನಕಾಶೆ, ಭೂಗೋಳ, ಪ್ಲಾಸ್ಟರಿನ ಎಲುಬುಗೂಡು ಮಾರಲು ಹೊರಟ ಹುಡುಗರು ಈಗೀಗ ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. "ಕಾಕಾ, ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಈ ನಾಕೂ ಕಡೆ ಮಾಸ್ತರರನ್ನ ಹೆಂಗ ಒಲಿಸಿಕೊಂಡ್ರಿ, ಅದನ್ನಷ್ಟು ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಬಸ್ಸು ಬರುವುದರೊಳಗೆ ಮುಗಿಯುವ ಒಂದು ಯುಕ್ತಿ. ನನ್ನ ಹತ್ತಿರ ಅಂಥದ್ದು ಇಲ್ಲ. ಇರುವುದು ನಾನು ಮಾಡಿದ ತಪ್ಪುಗಳು. ಅವುಗಳಲ್ಲಿ ಒಂದು ತಪ್ಪು ಸವಣೂರಿನ ಒಬ್ಬ ಶಿಕ್ಷಕಿಯ, ನಮ್ಮ ಮಾತಿನಲ್ಲಿ ಅಕ್ಕೋರ, ನೌಕರಿಯನ್ನೇ ನುಂಗುವುದರಲ್ಲಿತ್ತು. ಅದನ್ನು ಬರೆದಿಡುತ್ತೇನೆ. ಓದಿದ ಮೇಲೂ ಯುಕ್ತಿ ಬೇಕೆನ್ನಿಸಿದರೆ ಕಟ್ಟೆಗೆ ಬನ್ನಿ, ಚಹಾ ಕುಡಿದು ಹೋಗಿ.

ನಾನು ಮಾರುತ್ತಿದ್ದುದು ಕಡಲಿನ ಚಿಪ್ಪು, ಶಂಖ, ಕವಡೆ. ಕಡಲು ಕಾಣದ ಊರುಗಳಲ್ಲಿ ಕಡಲಿನ ಮಾಲು ಮಾರುವುದೇ ನನ್ನ ಬಂಡವಾಳವಾಗಿತ್ತು. ಅಪ್ಪ ತೀರಿಕೊಂಡಾಗ ನನ್ನ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೂ ಆಗಿರಲಿಲ್ಲ. ಅಕ್ಕಿಆಲೂರಿನ ಸಂತೆಯಲ್ಲಿ ಚಾದರ ಹಾಸಿ ಸೂಜಿ, ದಾರ, ಹಣಿಗೆ, ಎತ್ತಿನ ಕೊರಳಪಟ್ಟಿಗೆ ಹೊಲಿಯುವ ಕವಡೆ ಇಟ್ಟುಕೊಂಡು ಕೂಡುತ್ತಿದ್ದೆ. ಕವಡೆ ಹುಬ್ಬಳ್ಳಿಯಿಂದ ಬರುತ್ತಿತ್ತು. ಹುಬ್ಬಳ್ಳಿಯ ಸಾಹುಕಾರ ಹೇಳಿದ್ದೇ ದರ. ಒಂದು ದಿನ ಅಕ್ಕಿ ಹೇರಿಕೊಂಡು ಕುಮಟಾಕ್ಕೆ ಹೊರಟಿದ್ದ ಗಾಡಿಯವರನ್ನು ಕೇಳಿದೆ, "ಅಲ್ಲಿ ದಂಡ್ಯಾಗ ಕವಡಿ ಸಿಗತಾವೇನು?" ಗಾಡಿಯವ ನಕ್ಕ. "ಕವಡಿ ಬಿಡೋ, ಚಿಪ್ಪು ಸುಟ್ಟು ಸುಣ್ಣ ಮಾಡತಾರ, ಗುಡ್ಡ ಗುಡ್ಡ ಬಿದ್ದಿರತಾವ." ಅಕ್ಕಿಚೀಲಗಳ ಮೇಲೆ ಕುಳಿತು ಘಟ್ಟ ಇಳಿದೆ. ಇಪ್ಪತ್ತು ವರ್ಷ ತುಂಬುವ ಮೊದಲೇ ಜನ ನನ್ನನ್ನು ಚಿಪ್ಪಿನ ಈರಪ್ಪ ಎಂದು ಕರೆಯುವಂತಾಯಿತು.

ಮೊದಲ ಸಲವೇ ಮಾಡಿದ ತಪ್ಪು ಕೇಳಿ. ಚಂದ ಕಂಡ ಶಂಖಗಳನ್ನೆಲ್ಲ ಆರಿಸಿ ಚೀಲ ತುಂಬಿದೆ. ಒಳಗೆ ಹುಳು ಇರುತ್ತದೆ, ಅದು ಸತ್ತು ಕೊಳೆಯುತ್ತದೆ ಎಂಬ ಯೋಚನೆಯೇ ನನಗೆ ಬರಲಿಲ್ಲ. ನಮ್ಮ ಕಡೆ ಶಂಖವೆಂದರೆ ದೇವರ ಮನೆಯಲ್ಲಿ ತೊಳೆದು ಇಟ್ಟಿರುವಂಥದ್ದು. ಮೋಟಾರು ಹತ್ತಿ ತಿರುಗಿ ಬರುವಾಗ ಶಿರಸಿ ದಾಟುವಷ್ಟರಲ್ಲಿ ಒಳಗಿನ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಬ್ಬ ಮುದುಕಿ ತನ್ನ ಪಕ್ಕದವನಿಗೆ, "ಯಪ್ಪಾ, ಸಿಟ್ಟಾಗಬ್ಯಾಡ, ಮೈ ತೊಳಕೊಂಡು ಎಷ್ಟು ದಿನ ಆತು?" ಎಂದು ಕೇಳಿಯೇಬಿಟ್ಟಳು. ಕಂಡಕ್ಟರನು ಮೂಗು ಹಿಡಿದು ಚೀಲಗಳನ್ನು ಒಂದೊಂದಾಗಿ ಮೂಸುತ್ತ ಬಂದು ನನ್ನ ಚೀಲದ ಹತ್ತಿರ ನಿಂತ. ಕಾಡಿನ ನಡುವೆ ನನ್ನನ್ನೂ ಚೀಲವನ್ನೂ ಇಳಿಸಿದರು. ಹಾನಗಲ್ಲಿಗೆ ನಡೆದೇ ಬಂದೆ. ಆಮೇಲೆ ಕಲಿತೆ: ಕುದಿಸಿದರೆ ಹೊಳಪು ಹೋಗುತ್ತದೆ, ಇರುವೆಗಳಿರುವ ಜಾಗದಲ್ಲಿ ಹದಿನೈದು ದಿನ ಹೂಳಬೇಕು, ಅವು ಒಳಗನ್ನು ಚೊಕ್ಕ ಮಾಡಿ ಕೊಡುತ್ತವೆ. ಇರುವೆಗೆ ಕೂಲಿ ಇಲ್ಲ, ಚೌಕಾಶಿಯೂ ಇಲ್ಲ.

ಶಾಲೆಗಳ ದಾರಿ ಹಿಡಿಸಿದವರು ದೀಪೋಟಿ ಸಾಹೇಬರು. ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿಗೆ ಆಗ ಎಲ್ಲರೂ ದೀಪೋಟಿ ಎನ್ನುತ್ತಿದ್ದರು. ಆಗಿನ ಕನ್ನಡ ಶಾಲೆಗಳಲ್ಲಿ ವಸ್ತುಪಾಠವೆಂಬ ಒಂದು ತಾಸು ಇತ್ತು. ಮಾಸ್ತರರು ಮೇಜಿನ ಮೇಲೆ ಒಂದು ವಸ್ತು ಇಡಬೇಕು, ಮಕ್ಕಳು ಅದನ್ನು ನೋಡಿ, ಮುಟ್ಟಿ ಹೇಳಬೇಕು. ನಮ್ಮ ದೀಪೋಟಿಗೆ ಈ ಪಾಠದ ಹುಚ್ಚು. ಅಕ್ಕಿಆಲೂರಿನ ಸಂತೆಯಲ್ಲಿ ನನ್ನ ಚಾದರದ ಮುಂದೆ ಒಂದು ತಾಸು ಕುಕ್ಕರಗಾಲಲ್ಲಿ ಕೂತರು. ಕೋಟು, ರುಮಾಲು, ಮೂಗಿನ ತುದಿಯಲ್ಲಿ ಚಾಳೀಸು. ಸಣ್ಣ ಬಿಳಿಯ ಚಿಪ್ಪೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಚಿಪ್ಪಿನ ಮೇಲ್ತುದಿಯ ಹತ್ತಿರ ದುಂಡನೆಯ ತೂತು. ಅಂಚು ಒಳಕ್ಕೆ ಇಳಿಜಾರಾಗಿ, ನಯವಾಗಿ, ಅಕ್ಕಸಾಲಿಗ ಕೊರೆದ ಹಾಗೆ.

"ಎಷ್ಟು ಚಂದ ಕೊರದಾರಲ್ಲಪಾ! ದಾರ ಪೋಣಿಸಿದ್ರ ಸಣ್ಣ ಹುಡುಗರಿಗೆ ಎಣಿಸಲಿಕ್ಕೆ ಸರ ಆಗ್ತದ. ಯಾರ ಕೆಲಸ ಇದು?"

ನಿಜ ಹೇಳುತ್ತೇನೆ, ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ ವ್ಯಾಪಾರಿಯ ಮಾಲಿಗೆ ಬೆಲೆ ಬರುವುದಿಲ್ಲ ಎಂದು ನಂಬಿದ್ದೆ. "ಮುಂಬೈದಾಗ ಯಂತ್ರ ಐತ್ರಿ ಸಾಹೇಬರ, ಒಂದೊಂದ ಕೊರಸತೇನ್ರಿ" ಎಂದುಬಿಟ್ಟೆ. ಅವರು ಅದನ್ನು ಜಿಲ್ಲಾ ಸ್ಕೂಲ್ ಬೋರ್ಡಿಗೆ ಬರೆದು ಮಂಜೂರಿ ತಂದರು: ಮುಂಬಯಿಯ ಯಂತ್ರದಿಂದ ಕೊರೆದ, ಮಕ್ಕಳ ಬೆರಳಿಗೆ ಚುಚ್ಚದ ಎಣಿಕೆಯ ಸರಗಳು. ನಾಲ್ಕೂ ಕಡೆಯ ಶಾಲೆಗಳ ಬಾಗಿಲು ನನಗೆ ತೆರೆದವು.

ಈಗ ಆಚೆ ಕಡೆಯ ಚೌಕಾಶಿ ಹೇಳಬೇಕು. ಕುಮಟಾದ ದಂಡೆಯಲ್ಲಿ ನನಗೆ ಚಿಪ್ಪು ಆರಿಸಿ ಕೊಡುತ್ತಿದ್ದವಳು ದೇವಮ್ಮ. ಮೀನು ಮಾರುವ ಹೆಂಗಸು, ನನಗಿಂತ ಹದಿನೈದು ವರ್ಷ ಹಿರಿಯಳು, ನನ್ನನ್ನು ತಮಾ ಎನ್ನುತ್ತಿದ್ದಳು. ತೂತಿನ ಚಿಪ್ಪುಗಳನ್ನು ನಾನು ಅವಳ ಮುಂದೆ ಬೆರಳಿಂದ ಪಕ್ಕಕ್ಕೆ ತಳ್ಳಿ ಮೂಗು ಮುರಿಯುತ್ತಿದ್ದೆ. "ಇವು ತೂತು ಬಿದ್ದ ಮಾಲು ದೇವಮ್ಮಾ, ಅರ್ಧ ದರ." ಅವಳು ಅರ್ಧಕ್ಕೆ ಕೊಡುತ್ತಿದ್ದಳು. ಘಟ್ಟ ಹತ್ತಿದ ಮೇಲೆ ಅದೇ ತೂತಿಗೆ ಯಂತ್ರದ ಹೆಸರು ಹೇಳಿ ದುಪ್ಪಟ್ಟು ತೆಗೆದುಕೊಳ್ಳುತ್ತಿದ್ದೆ. ಒಂದೇ ತೂತಿನಿಂದ ಎರಡೂ ಕಡೆ ಗೆದ್ದೆನೆಂದು ಹೆಮ್ಮೆ ಪಡುತ್ತಿದ್ದೆ.

ಇನ್ನೊಂದು ಜಾತಿಯ ಚಿಪ್ಪು ಇರುತ್ತಿತ್ತು. ತೂತು ಶುರುವಾಗಿ ಅರ್ಧಕ್ಕೆ ನಿಂತಿದ್ದು. ಬೊಟ್ಟು ಒತ್ತಿದಂತೆ ಒಂದು ತಗ್ಗು ಮಾತ್ರ. ದಾರ ಹೋಗುವುದಿಲ್ಲ, ಚಂದಕ್ಕೂ ಬಾರದು. ಅವನ್ನು ಕೊಸರಿಗೆ ಹಾಕುತ್ತಿದ್ದೆ. ನಮ್ಮ ಸಂತೆಯಲ್ಲಿ ಅಳತೆ ಮುಗಿದ ಮೇಲೆ ಒಂದು ಹಿಡಿ ಮೇಲೆ ಹಾಕದಿದ್ದರೆ ಗಿರಾಕಿ ಏಳುವುದಿಲ್ಲ. ಹುಡುಗರೇ, ಕೊಸರನ್ನು ಯಾವಾಗಲೂ ನಗುತ್ತ ಹಾಕಿ. ಗೊಣಗುತ್ತ ಹಾಕಿದರೆ ಮಾಲೂ ಹೋಯಿತು, ಗಿರಾಕಿಯೂ ಹೋದ.

ಸವಣೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೃಷ್ಣಾಬಾಯಿ ಅಕ್ಕೋರು ಇದ್ದರು. ಪಂಡಿತರ ಮನೆತನದ ಹೆಣ್ಣುಮಗಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಅಣ್ಣನ ಮನೆಯಲ್ಲಿದ್ದು ನೌಕರಿ ಮಾಡುತ್ತಿದ್ದರು. ಇನ್ನೂ ಹಂಗಾಮಿ, ಕಾಯಂ ಆಗಿರಲಿಲ್ಲ. ಉಳಿದ ಮಾಸ್ತರರು ಸರ ಎಣಿಸಿಕೊಂಡು ಕಪಾಟಿಗೆ ಬೀಗ ಹಾಕುತ್ತಿದ್ದರು. ಹಿರೇಕೆರೂರಿನ ಒಬ್ಬ ಮಾಸ್ತರರಂತೂ, "ಹೊರಗ ಇಟ್ರ ಹುಡುಗ್ರು ಮುಟ್ಟತಾವ" ಎಂದು ಮೂರು ವರ್ಷ ಗಂಟನ್ನೇ ಬಿಚ್ಚಿರಲಿಲ್ಲ. ಈ ಅಕ್ಕೋರು ಮಾತ್ರ ಒಂದೊಂದು ಚಿಪ್ಪನ್ನೂ ತಿರುಗಿಸಿ ನೋಡಿದರು.

"ಈರಪ್ಪ, ಯಂತ್ರ ಅಂದ್ರಿ. ಯಂತ್ರ ಆದ್ರ ಎಲ್ಲಾ ತೂತು ಒಂದ ಅಳತೀಲೆ ಇರಬೇಕಲ್ಲ? ಇದು ಸಾಸಿವಿಯಷ್ಟ ಅದ, ಇದು ಜ್ವಾಳದಷ್ಟ ಅದ."

"ಯಂತ್ರಕ್ಕೂ ವಯಸ್ಸಾಗತೈತ್ರಿ ಅಕ್ಕೋರ" ಎಂದೆ.

ಅವರು ನಗಲಿಲ್ಲ. "ಮತ್ತ ಇದು ನೋಡ್ರಿ, ಎರಡೂ ಚಿಪ್ಪು ಕೂಡಿಕೊಂಡಾವ. ಒಂದಕ್ಕ ತೂತು ಬಿದ್ದದ, ಇನ್ನೊಂದು ಹಂಗ ಅದ. ಸರ ಮಾಡೋವ್ನು ಜೋಡೀನ ಬಿಚ್ಚಲಾರದ ಒಂದ ಕಡೆ ಯಾಕ ಕೊರದಾ?"

ಒಂದು ಹಿಡಿ ಕೊಸರು ಜಾಸ್ತಿ ಹಾಕಿ ಎದ್ದು ಬಂದೆ. ಆದರೆ ಪ್ರಶ್ನೆ ನನ್ನ ಜತೆಯಲ್ಲೇ ಬಂತು. ಮುಂದಿನ ಸಲ ಕುಮಟಾದಲ್ಲಿ ದೇವಮ್ಮನನ್ನೇ ಕೇಳಿದೆ.

"ಎಂತ ತಮಾ, ಇಷ್ಟು ವರ್ಷ ಒಯ್ದೆ, ಈಗ ಕೇಳ್ತೆ?" ಎಂದು ನಕ್ಕು, ಇಳಿತದ ಹೊತ್ತಿಗೆ ಒದ್ದೆ ಉಸುಕಿಗೆ ಕರೆದುಕೊಂಡು ಹೋದಳು. ಉಸುಕಿನ ಮೇಲೆ ಒಂದು ಗೆರೆ, ಯಾರೋ ಬೆರಳಿಂದ ಉಬ್ಬಿಸಿದ ಹಾಗೆ. ಗೆರೆ ಮುಗಿದಲ್ಲಿ ಕೈ ಹಾಕಿ ತೆಗೆದಳು. ಅಡಕೆಯಷ್ಟು ಗಾತ್ರದ ದುಂಡನೆಯ ಶಂಖ, ತಿಳಿಕಂದು ಬಣ್ಣ, ನುಣ್ಣಗೆ. ಅದರ ಒಳಗಿನ ಮೈ ನಾದಿದ ಕಣಕದಂತೆ ಹೊರಗೆ ಹರಡಿ, ಒಂದು ಬಳಚನ್ನು, ಅಂದರೆ ಎರಡು ಚಿಪ್ಪಿನ ಹುಳುವನ್ನು, ಅಪ್ಪಿ ಹಿಡಿದಿತ್ತು. ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ಹಾಗಿತ್ತು. ದೇವಮ್ಮ ಬಿಡಿಸಿ ತೋರಿಸಿದಳು. ಬಳಚಿನ ಮೇಲೆ ಅದೇ ದುಂಡನೆಯ ತಗ್ಗು, ಇನ್ನೂ ಹಸಿ.

"ಇದೇ ಕಳ್ಳ. ನಾಲಿಗೆಯಲ್ಲಿ ಅರ ಇದ್ದಂಗೆ ಹಲ್ಲು. ಎಂತದೋ ರಸ ಹಚ್ತದೆ, ಚಿಪ್ಪು ಮೆತ್ತಗಾಗ್ತದೆ, ಕೆರೆತದೆ. ಮತ್ತೆ ಹಚ್ತದೆ, ಮತ್ತೆ ಕೆರೆತದೆ. ಒಂದು ದಿವಸ, ಎರಡು ದಿವಸ. ತೂತು ಬಿದ್ದಮೇಲೆ ಮೂತಿ ಹಾಕಿ ಒಳಗಿಂದೆಲ್ಲ ತಿಂತದೆ."

"ಮತ್ತ ಅರ್ಧಕ್ಕ ಬಿಟ್ಟದ್ದು?"

"ತೆರೆ ಬಂದು ಹೊರಳಿಸ್ತು ಅಂದ್ರೆ ಬಿಡ್ತದೆ. ಬಿಟ್ಟ ತೂತಿಗೆ ಮತ್ತೆ ಬಾಯಿ ಹಾಕೂದಿಲ್ಲ ತಮಾ. ಮತ್ತೆ ಹಿಡಿದ್ರೆ ಬೇರೆ ಕಡೆ ಹೊಸ್ತು ಶುರು."

ಅವತ್ತು ಅವಳು ನನಗೆ ಇಡೀ ದಂಡೆಯನ್ನೇ ಓದಿಸಿದಳು. ಮಡಕೆಯ ಮುರಿದ ಕಂಠದಂತೆ ಉಸುಕಿನ ಪಟ್ಟಿಯೊಂದು ಬಿದ್ದಿತ್ತು. ಅದೇ ಕಳ್ಳನ ಹೆಂಡತಿ ತತ್ತಿಗಳನ್ನು ಉಸುಕು, ಲೋಳೆಯಲ್ಲಿ ಕಲಸಿ ಇಟ್ಟ ತೊಟ್ಟಿಲು ಅದು ಎಂದಳು. ಚಂದ ಕಂಡು, "ಇದನ್ನೂ ಮಾರಬಹುದು" ಎಂದು ಎಂಟು ಪಟ್ಟಿಗಳನ್ನು ಹತ್ತಿಯಲ್ಲಿ ಸುತ್ತಿ ತಂದೆ. ಹಾನಗಲ್ಲಿನಲ್ಲಿ ಬಿಚ್ಚಿದರೆ ಒಂದು ಹಿಡಿ ಉಸುಕು. ನನ್ನ ಹೆಂಡತಿ ಅದರಲ್ಲೇ ತಂಬಿಗೆ ತಿಕ್ಕಿದಳು. ಇನ್ನೊಂದು ಶಂಖ, ಉದ್ದ ಮೂತಿಯದು, ಮೈತುಂಬ ಪಟ್ಟೆ. ಕೈ ಚಾಚಿದೆ, ದೇವಮ್ಮ ಕೈ ಮೇಲೆ ಫಟ್ಟೆಂದು ಹೊಡೆದಳು. "ಜೀವ ಇದ್ದಾಗ ಅದನ್ನ ಮುಟ್ಟೂಕಾಗ. ಮೂತಿಯಿಂದ ಮುಳ್ಳು ಹೊಡೆತದೆ, ಮೀನು ಅಲ್ಲೇ ಸುಮ್ಮನಾಗ್ತದೆ." ಆ ಏಟಿಗೆ ನಾನು ಇಂದಿಗೂ ಋಣಿ. ಚಂದದ ಮಾಲನ್ನು ಮೊದಲು ಅದನ್ನು ಬಲ್ಲವರ ಕೈಯಲ್ಲಿ ನೋಡಿ, ಆಮೇಲೆ ನೀವು ಮುಟ್ಟಿ.

ಊರಿಗೆ ಬಂದವನೇ ಸವಣೂರಿಗೆ ಹೋಗಿ ಅಕ್ಕೋರಿಗೆ ಕಂಡದ್ದನ್ನೆಲ್ಲ ಹೇಳಿದೆ. ಅವರ ಮುಖ ಬೆಳಗಿತು. "ನನಗ ಅನ್ನಿಸಿತ್ತು, ಇದು ಜೀವದ ಕೆಲಸ ಅಂತ" ಎಂದರು. ಕೊಸರಿಗೆ ಬಂದ ಚಿಪ್ಪುಗಳಲ್ಲಿ ಒಂದು ಅದೇ ದುಂಡನೆಯ ಕಳ್ಳಶಂಖವಿತ್ತು, ಅದರ ಮೇಲೂ ತೂತು. "ತನ್ನ ಕುಲದ್ದನ್ನೂ ಬಿಡಂಗಿಲ್ಲೇನು ಇದು?" ಎಂದು ಮರುಗಿದರು.

ಇಲ್ಲಿ ನನ್ನ ತಪ್ಪು. ಅಕ್ಕೋರಿಗೆ ನಿಜ ಹೇಳಿದ ನಾನು ದೀಪೋಟಿಗೆ ಹೇಳಲಿಲ್ಲ. ಯಂತ್ರದ ಕಥೆಯ ಮೇಲೆ ನಾಲ್ಕು ಕಡೆಯ ವ್ಯಾಪಾರ ನಿಂತಿತ್ತು. ಒಂದು ಮಾಲಿಗೆ ಎರಡು ಕಥೆ, ಕೇಳುವವರು ಬೇರೆ ಬೇರೆ, ಕೂಡುವುದೆಲ್ಲಿ ಎಂದುಕೊಂಡೆ. ಅವು ಕೂಡುವುದು ತಪಾಸಣೆಯ ದಿನ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಒಂದು ದಿನ ಶಾಲೆಗೆ ಹೋದರೆ ಅಕ್ಕೋರ ಮುಖ ಇಳಿದಿತ್ತು. ಹಿಂದಿನ ದಿನ ದೀಪೋಟಿ ಬಂದಿದ್ದರಂತೆ. ಮೂರನೆಯ ಇಯತ್ತೆಯ ಹುಡುಗಿಗೆ ಸರ ತೋರಿಸಿ, ಈ ತೂತು ಯಾರು ಮಾಡಿದರು ಎಂದು ಕೇಳಿದ್ದಾರೆ. ಹುಡುಗಿ ಎದ್ದು ನಿಂತು, "ಹುಳರೀ ಸಾಹೇಬರ, ನಾಲಗೀಲೆ" ಎಂದಿದ್ದಾಳೆ.

"ಎಲ್ಲಾರ ಮುಂದ ನಕ್ರು ಈರಪ್ಪ. ಆಮ್ಯಾಲ ಸಿಟ್ಟಾದ್ರು. ಕಲ್ಲಿನಂಥಾ ಚಿಪ್ಪು, ಮೆತ್ತನ್ನ ಹುಳ ಕೊರೀತದಂತ, ಕಥೀ ಹೇಳಿ ಮಕ್ಕಳ ತಲಿ ಕೆಡಸ್ತೀರಿ ಅಂದ್ರು. ಶೇರಾ ಬರದಾರ, ನೋಡ್ರಿ."

ತಪಾಸಣೆಯ ಅಭಿಪ್ರಾಯಕ್ಕೆ ನಾವು ಶೇರಾ ಎನ್ನುತ್ತಿದ್ದೆವು. ಶೇರೆಪುಸ್ತಕದಲ್ಲಿ ಮಸಿ ಇನ್ನೂ ಕಪ್ಪಗಿತ್ತು: ಕೃಷ್ಣಾಬಾಯಿಯವರು ಕಲ್ಪಿತ ಸಂಗತಿಗಳನ್ನು ಸೃಷ್ಟಿಜ್ಞಾನವೆಂದು ಕಲಿಸುತ್ತಾರೆ. ಕಾಯಂ ಮಾಡಲು ಯೋಗ್ಯರಲ್ಲ. ಒಂದು ತಿಂಗಳ ನಂತರ ಪುನಃ ನೋಡಿ ನಿರ್ಧರಿಸಲಾಗುವುದು.

"ನಿಮ್ಮ ಅಣ್ಣಾರು ಏನಂತಾರ್ರಿ?" ಎಂದು ಕೇಳಿದೆ.

"ನೌಕರಿ ಹೋದ್ರ ಹೋಗ್ಲಿ ಅಂತಾನ. ಮಡೀಲೆ ಅಡಿಗಿ ಮಾಡ್ಲಿಕ್ಕೆ ಮನ್ಯಾಗ ಒಬ್ಬಾಕಿ ಬೇಕೇ ಬೇಕಾಗ್ಯಾಳಂತ." ಶೇರೆಪುಸ್ತಕ ಮುಚ್ಚಿ ಕೇಳಿದರು, "ನೀವು ನನಗ ಹೇಳಿದ್ದು ಖರೇ ಅದನೋ ಇಲ್ಲೋ? ಅಷ್ಟ ಹೇಳ್ರಿ."

"ಖರೇ ಐತ್ರಿ. ಕಣ್ಣೀಲೆ ನೋಡೇನಿ."

"ಮತ್ತ ಸಾಹೇಬರಿಗೆ ಯಂತ್ರ ಅಂತ ಯಾಕ ಹೇಳಿದ್ರಿ?"

"ಯಾಪಾರ ರೀ ಅಕ್ಕೋರ."

"ನನ್ನದು ನೌಕರಿ ರೀ ಈರಪ್ಪ" ಎಂದರು. ಅಷ್ಟೇ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಆಗಲೂ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ನಾನು ಬಾಯಿ ಬಿಡದೆ ಕೆಲಸ ಆಗಬೇಕು. ಹುಳುವನ್ನೇ ಜೀವಂತ ತಂದು ಬಳಚಿನ ಜತೆ ಇಟ್ಟರೆ ಅದೇ ಕೊರೆದು ತೋರಿಸುತ್ತದೆ. ದೀಪೋಟಿ ತಾವೇ ನೋಡುತ್ತಾರೆ, ನನ್ನನ್ನು ಕೇಳುವವರು ಯಾರು?

ಕುಮಟಾಕ್ಕೆ ಹೋಗಿ ಆರು ಕಳ್ಳಶಂಖ, ಒಂದಿಷ್ಟು ಬಳಚು ಹಿಡಿದು, ಗಡಿಗೆ ತುಂಬ ಕಡಲ ನೀರು ಹಾಕಿಕೊಂಡು ಹೊರಟೆ. ಯುದ್ಧದಿಂದಾಗಿ ಪೆಟ್ರೋಲು ಇರಲಿಲ್ಲ, ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಘಟ್ಟದಲ್ಲಿ ನಾಲ್ಕು ಸಲ ನಿಂತು, ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಚೆಲ್ಲಿ ಹೋಗಿತ್ತು. ಹಾನಗಲ್ಲಿನಲ್ಲಿ ಇಳಿದು ಬಾವಿಯ ನೀರು ಸೇದಿ, ಅಂಗಡಿಯ ಉಪ್ಪು ಕರಗಿಸಿ, ಮೊದಲು ಉಳಿದ ಕಡಲ ನೀರಿನ ರುಚಿ, ಆಮೇಲೆ ಇದರ ರುಚಿ, ಎರಡನ್ನೂ ನಾಲಿಗೆಯ ಮೇಲೆ ಹಾಕಿ ನೋಡಿದೆ. ಒಂದೇ ಎನಿಸಿತು. ಗಡಿಗೆ ತುಂಬಿಸಿದೆ. ಸವಣೂರಿನಲ್ಲಿ ಮುಚ್ಚಳ ತೆಗೆದರೆ ಆರೂ ಸತ್ತು ನೀರು ಹಾಲಿನಂತಾಗಿತ್ತು. ಸಮುದ್ರವೆಂದರೆ ಉಪ್ಪು ನೀರು ಎಂದು ನಮ್ಮ ಬಯಲುಸೀಮೆಯವನಷ್ಟೇ ತಿಳಿದಾನು. ಅಕ್ಕೋರು ಮೂಗಿಗೆ ಸೆರಗು ಹಿಡಿದು, "ಪಾಪ, ನನ್ನ ಸಲುವಾಗಿ ಆರು ಜೀವ ಹೋದ್ವು" ಎಂದರು. ತಿಂಗಳಲ್ಲಿ ಹನ್ನೆರಡೇ ದಿನ ಉಳಿದಿದ್ದವು.

ಮತ್ತೆ ಇಳಿದೆ. ದೇವಮ್ಮ ಎಲ್ಲ ಕೇಳಿದಳು. ಅಕ್ಕೋರ ಸಂಗತಿ ಹೇಳಬೇಕೆಂದರೆ ಯಂತ್ರದ ಸಂಗತಿಯನ್ನೂ ಹೇಳಲೇಬೇಕಾಯಿತು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು.

"ಅಂದ್ರೆ ತಮಾ, ನನ್ನ ಹತ್ರ ಹಾಳು ಮಾಲು ಅಂದಿ, ಅಲ್ಲಿ ಯಂತ್ರದ ಮಾಲು ಅಂದಿ. ಅಲ್ದಾ?"

"ಹೌದು ದೇವಮ್ಮಾ."

"ಹುಳ ನಾ ಕೊಡ್ತೆ, ಜೀವಂತ ಮುಟ್ಟೂಹಾಗೆ ಕಟ್ಟಿಯೂ ಕೊಡ್ತೆ. ದುಡ್ಡು ಬೇಡ. ಇನ್ನು ಮೇಲೆ ತೂತಿಂದಕ್ಕೆ ಅರ್ಧ ಅನ್ನೂಕಾಗ. ತೂತು ಇಲ್ಲದ್ದಕ್ಕೆ ಎಷ್ಟೋ ಅದಕ್ಕೂ ಅಷ್ಟೇ."

ನನ್ನ ಬದುಕಿನಲ್ಲಿ ಮೊದಲ ಸಲ ಎದುರು ಮಾತು ಆಡದೆ ಒಪ್ಪಿಕೊಂಡೆ. ಅವಳು ಬುಟ್ಟಿಗೆ ಗೋಣಿತಟ್ಟು ಹಾಸಿ, ಒದ್ದೆ ಉಸುಕಿನಲ್ಲಿ ಹುಳುಗಳನ್ನು ಹೂತು, ಮೇಲೆ ಮತ್ತೆ ಒದ್ದೆ ತಟ್ಟು ಮುಚ್ಚಿದಳು. ನೀರಲ್ಲಿ ಒಯ್ದರೆ ಉಸಿರು ಕಟ್ಟುತ್ತದೆ, ಉಸುಕಿನಲ್ಲಿ ಎರಡು ದಿನ ತಡೆಯುತ್ತದೆ. ಕಡಲ ನೀರನ್ನು ಬೇರೆ ಗಡಿಗೆಯಲ್ಲಿ ಬಾಯಿಗೆ ತೆಂಗಿನ ನಾರು ತುರುಕಿ ಕೊಟ್ಟಳು. ಈ ಸಲ ನಾಲ್ಕು ಹುಳು ಜೀವಂತ ಸವಣೂರು ಮುಟ್ಟಿದವು. ಶಾಲೆಯ ಮೂಲೆಯಲ್ಲಿ ಅಗಲ ಬಾಯಿಯ ಮಣ್ಣಿನ ಬಾನಿಯೊಳಗೆ ಉಸುಕು, ನೀರು, ಬಳಚು ಹಾಕಿ ಬಿಟ್ಟೆವು. ಜೀವ ತಿನ್ನುವ ಹುಳುವಿನ ಬಾನಿಗೆ ಅಕ್ಕೋರು ದಿನಾ ಕೈಯಾರೆ ನೆರಳು ಕಟ್ಟಿದರು. ಮೂರು ದಿನ ಹುಳುಗಳು ಅಲುಗಲಿಲ್ಲ. ನಾಲ್ಕನೆಯ ದಿನ ದೀಪೋಟಿ ಬಂದರು.

ತಪಾಸಣೆಗೆಂದು ಬೆಂಚಿನ ಕಾಲು ರಿಪೇರಿ ಮಾಡಲು ಬಡಿಗ್ಯಾರ ಮೌನಪ್ಪ ಬಂದಿದ್ದ. ನಾನು ಬಾಗಿಲ ಹತ್ತಿರ ನಿಂತಿದ್ದೆ. ದೀಪೋಟಿ ಬಾನಿಯಲ್ಲಿ ಬಗ್ಗಿ ನೋಡಿದರು. ಬರೀ ಉಸುಕು.

"ಎಲ್ಲ್ಯದರಿ ಬಾಯಾರ, ನಿಮ್ಮ ಹುಳ?"

ಅಕ್ಕೋರು ಉಸುಕಿನಿಂದ ಒಂದನ್ನು ತೆಗೆದು ಅಂಗೈಯಲ್ಲಿಟ್ಟರು. ಅದು ಒಳಗೆ ಸರಿದು, ಉಗುರಿನಂಥ ಮುಚ್ಚಳವನ್ನು ಬಿಗಿದುಕೊಂಡಿತು. "ಇದು ಬಾಗಲಾ ಹಾಕ್ಕೊಂಡು ಕೂತದ! ತಪಾಸಣೀಗೆ ನಮ್ಮ ಮಾಸ್ತರರು ರಜಾ ಹಾಕಿದಂಗಾತು" ಎಂದು ದೀಪೋಟಿ ನಕ್ಕರು. ಹುಡುಗಿಯರೂ ನಕ್ಕರು.

ಅಕ್ಕೋರು ಹುಳುವನ್ನು ನೀರಿಗೆ ಬಿಟ್ಟು, ಕೈ ಒರೆಸಿಕೊಂಡು, ಕಪಾಟಿನಿಂದ ಪೆಪ್ಪರಮಿಂಟಿನ ಡಬ್ಬಿ ತಂದರು. ಅದರೊಳಗಿಂದ ಏಳು ಚಿಪ್ಪು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನೋಡಿದೆ, ನಾನು ಕೊಸರಿಗೆ ಹಾಕಿದ ಅರೆತೂತಿನ ಚಿಪ್ಪುಗಳು. ದೀಪೋಟಿಯ ಕಡೆ ಅವರು ತಿರುಗಲೇ ಇಲ್ಲ. ಪಾಠ ಶುರು ಮಾಡಿದರು.

"ಹುಡುಗೇರ, ಈ ತಗ್ಗಿನ ನಡುವ ಏನದ, ಬೆರಳು ಹಚ್ಚಿ ನೋಡ್ರಿ."

ಮೊದಲ ಹುಡುಗಿ ಬೆರಳಿಟ್ಟಳು. "ಉಬ್ಬು ಐತ್ರಿ ಅಕ್ಕೋರ." ಎರಡನೆಯವಳೂ ಅದನ್ನೇ ಹೇಳಿದಳು. ಏಳರಲ್ಲೂ ಅದೇ. ಸುತ್ತ ಆಳವಾಗಿ, ನಡುವೆ ಒಂದು ಸಣ್ಣ ಗುಡ್ಡದಂತೆ ಉಳಿದಿತ್ತು. ಅಷ್ಟು ವರ್ಷ ಅವನ್ನು ಹಿಡಿಗಟ್ಟಲೆ ಹಂಚಿದ ನನ್ನ ಕಣ್ಣಿಗೆ ಆ ಉಬ್ಬು ಒಮ್ಮೆಯೂ ಬಿದ್ದಿರಲಿಲ್ಲ.

"ಮೌನಪ್ಪ, ನಿಮ್ಮ ಬೈರಿಗಿ ಹಚ್ಚಿ ಇದಕ್ಕ ಅರ್ಧ ತೂತು ಹಾಕ್ತೀರೇನು?" ಎಂದು ಅಕ್ಕೋರು ಒಂದು ಒಳ್ಳೆಯ ಚಿಪ್ಪು ಕೊಟ್ಟರು. ಮೌನಪ್ಪ ಚಿಪ್ಪನ್ನು ಕಾಲ್ಬೆರಳುಗಳ ನಡುವೆ ಹಿಡಿದು, ಬೈರಿಗೆಯ ಹಗ್ಗ ಎಳೆದ. ಬಿಳಿಯ ಪುಡಿ ಉದುರಿತು. ಊದಿ ದೀಪೋಟಿಯ ಕೈಗೆ ಕೊಟ್ಟ.

"ನೋಡ್ರಿ ಸಾಹೇಬರ, ಬೈರಿಗಿ ಯಾವತ್ತೂ ನಡುವ ಮೊದಲ ಇಳೀತೈತಿ. ನಡುವ ತಗ್ಗು, ಸುತ್ತ ಮ್ಯಾಲ. ಅದು ಉಲ್ಟಾ ಐತಿ. ಅದನ್ನ ಮಾಡಿದಾವ ಸುತ್ತ ಸುತ್ತ ನೆಕ್ಕೊಂಡು ತಿಂದು ನಡುವ ಬಿಟ್ಟಾನ. ಹಂತಾ ಹತಾರ ನನ್ನ ಕಡೆ ಇಲ್ಲ, ನಮ್ಮಪ್ಪನ ಕಡೇನೂ ಇರಲಿಲ್ಲ."

ದೀಪೋಟಿ ಚಾಳೀಸು ಸರಿಮಾಡಿ ಎರಡು ಚಿಪ್ಪುಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಸ್ತುವಿನ ಮುಂದೆ ಅವರು ಪ್ರಾಮಾಣಿಕರು. ಆದರೂ ಹೇಳಿದರು, "ಕೈಹತಾರ ಅಲ್ಲ, ಒಪ್ಪಿದೆ. ಮುಂಬೈ ಯಂತ್ರ ಹ್ಯಾಂಗ ಕೊರೀತದೋ ಯಾರು ಕಂಡಾರ?"

ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ಅಕ್ಕೋರು ಮಾತ್ರ ನೋಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು. ಹುಳು ಮಾತಾಡಲಿಲ್ಲ, ಬಡಿಗ ತನಗೆ ತಿಳಿದಷ್ಟು ಹೇಳಿದ, ಉಳಿದದ್ದು ಒಂದು ಯಂತ್ರ. ಅದು ಇದ್ದದ್ದು ನನ್ನ ಬಾಯಿಯಲ್ಲಿ ಮಾತ್ರ.

"ಯಂತ್ರ ಇಲ್ರಿ ಸಾಹೇಬರ" ಎಂದೆ. "ಎಂದೂ ಇರಲಿಲ್ರಿ. ನಾ ಮುಂಬೈ ನೋಡೇ ಇಲ್ಲ. ಅಕ್ಕೋರು ಹೇಳಿದ್ದ ಖರೇ. ಅವರಿಗೆ ಹೇಳಿದಾಂವ ನಾನ, ನಿಮಗ ಸುಳ್ಳು ಹೇಳಿದಾಂವನೂ ನಾನ."

"ನನ್ನ ಕೈಲೇ ಬೋರ್ಡಿಗೆ ಸುಳ್ಳು ಬರಸಿದ್ಯಲ್ಲೋ!" ಅಲ್ಲಿಯವರೆಗೆ ಅವರು ನನಗೆ ಸಿಟ್ಟಿನಲ್ಲೂ ಲೋ ಎಂದವರಲ್ಲ. ಶೇರೆಪುಸ್ತಕ ತರಿಸಿದರು. ಹಳೆಯದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಬರೆದು ಎಲ್ಲರಿಗೂ ಕೇಳುವ ಹಾಗೆ ಓದಿದರು: ಮೇಲಿನ ಶೇರಾ ನನ್ನ ತಪ್ಪು. ಬಾಯಿಯವರು ತಾವು ನೋಡಿ, ಮಕ್ಕಳಿಗೆ ನೋಡಲು ಕಲಿಸುತ್ತಾರೆ. ಕಾಯಂ ಮಾಡತಕ್ಕದ್ದು.

ಆಮೇಲೆ ನನಗೆ ಹೇಳಿದರು, "ನಾ ಹೇಳೋ ತನಕಾ ಯಾವ ಸಾಲ್ಯಾಗೂ ನೀ ಗಂಟು ಬಿಚ್ಚಬ್ಯಾಡ." ಹೊರಡುವಾಗ ಅರೆತೂತಿನ ಒಂದು ಚಿಪ್ಪನ್ನು ಮಾತ್ರ ಅಕ್ಕೋರನ್ನು ಕೇಳಿ ಕೋಟಿನ ಕಿಸೆಗೆ ಹಾಕಿಕೊಂಡರು.

ಮತ್ತೆ ಚಾದರ ಹಾಸಿದೆ. ಹಿರೇಕೆರೂರಿನ ಸಂತೆ, ತಡಸದ ಸಂತೆ, ಎತ್ತಿನ ಕೊರಳಪಟ್ಟಿ, ಕವಡೆ. ಎರಡು ವರ್ಷ ಹಾಗೇ ಹೋಯಿತು. ಕೆಟ್ಟ ವರ್ಷಗಳೇನಲ್ಲ. ತೂತು ಹುಳುವಿನದು ಎಂದು ಸಂತೆಯಲ್ಲಿ ಹೇಳಿ ಮಾರಿದೆ. ಜನ ಯಂತ್ರಕ್ಕೆ ಅಷ್ಟು ಬೆರಗಾಗುತ್ತಿರಲಿಲ್ಲ, ಹುಳುವಿಗೆ ಮೂವರು ನಾಲ್ವರು ಕೂಡಿ ಬಗ್ಗಿ ನೋಡುತ್ತಿದ್ದರು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಕೇಳುವ ಮಾತೇ.

ಯುದ್ಧ ಮುಗಿದ ವರ್ಷ ಸವಣೂರಿನಿಂದ ಒಂದು ಕಾರ್ಡು ಬಂತು. ಅಕ್ಷರ ಮುತ್ತು ಪೋಣಿಸಿದ ಹಾಗೆ.

'ಈರಪ್ಪನವರಿಗೆ. ನೀವು ಹೋದ ಮರುದಿನವೇ ಹುಳು ಎದ್ದು ಬಳಚನ್ನು ಹಿಡಿದಿತ್ತು. ಮೂರನೆಯ ದಿನ ತೂತು ಬಿತ್ತು. ಹುಡುಗಿಯರೆಲ್ಲ ನೋಡಿದರು. ಆಗಲೇ ಬರೆಯಬೇಕಾಗಿತ್ತು, ಎರಡು ದಿನ ಮೊದಲೇ ಎದ್ದಿದ್ದರೆ ಎಂದು ನಿಮ್ಮ ಮನಸ್ಸಿಗೆ ನೋವಾದೀತೆಂದು ಸುಮ್ಮನಿದ್ದೆ. ಈಗ ನಾನು ಶಾಲೆಯ ಹತ್ತಿರವೇ ಬೇರೆ ಮನೆ ಮಾಡಿದ್ದೇನೆ. ದೀಪೋಟಿ ಸಾಹೇಬರು ನಿನ್ನೆ ಬಂದಿದ್ದರು, ಈರಪ್ಪನಿಗೆ ಗಂಟು ಬಿಚ್ಚಲು ಹೇಳಿರಿ ಎಂದರು. ಎಣಿಕೆಯ ಸರ ಹತ್ತು ಬೇಕು. ಕೊಸರು ಮರೆಯಬೇಡಿ.'

ಮರುದಿನವೇ ಘಟ್ಟ ಇಳಿದೆ. ದೇವಮ್ಮನೂ ನಾನೂ ಇಳಿತದ ಹೊತ್ತೆಲ್ಲ ಬಗ್ಗಿ ಬಗ್ಗಿ ಅರೆತೂತಿನವನ್ನೇ ಆರಿಸಿದೆವು. ಸವಣೂರಿನಲ್ಲಿ ಗಂಟು ಬಿಚ್ಚಿದಾಗ ಹತ್ತು ಸರ ಮೇಜಿನ ಒಂದು ಮೂಲೆಯಲ್ಲಿ ಕೂತವು. ಆ ಸಲ ಮಾಲಿಗಿಂತ ಕೊಸರೇ ಹೆಚ್ಚಾಗಿತ್ತು.